ಬಾಳೆ ಬೆಳೆದು ಅಡಿಕೆಯಾಗುವುದಿಲ್ಲ: ಗೆಲಾಕ್ಸಿಗಳ ವಿಕಾಸವನ್ನು ತಿಳಿಯುವುದು ಹೇಗೆ?

ಪ್ರಶ್ನೆ: ಸಾಗರಸೀಮೆ

ನಮಸ್ಕಾರ. ನಾನು ಓದಿದ್ದು ವಾಣಿಜ್ಯಶಾಸ್ತ್ರ, ಮಾಡುತ್ತಿರುವುದು ಅಡಿಕೆ ಕೃಷಿ. ಆದ್ದರಿಂದ ಪ್ರಶ್ನೆಯಲ್ಲಿ ತಪ್ಪು ಪದಗಳಿದ್ದರೆ ತಿದ್ದಿ ಓದಿಕೊಳ್ಳಬೇಕೆಂದು ವಿನಂತಿ. ಕಳೆದ ಡಿಸೆಂಬರಿನಲ್ಲಿ ಮಗಳ ಶಾಲೆಯ ಬಯಲಿನಲ್ಲಿ ಏರ್ಪಡಿಸಿದ್ದ ಆಕಾಶ ವೀಕ್ಷಣೆಗೆ ಹೋಗಿದ್ದಾಗ, ಸಣ್ಣದೊಂದು ದೂರದರ್ಶಕದಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯನ್ನು ತೋರಿಸಿದರು. ಚಿತ್ರಗಳಲ್ಲಿ ಕಾಣುವ ಸುರುಳಿ ತೋಳುಗಳೇನೂ ಕಾಣಲಿಲ್ಲ. ಚಳಿಯಲ್ಲಿ ಕನ್ನಡಕದ ಗಾಜಿಗೆ ಉಸಿರು ತಾಗಿದಾಗ ಮೂಡುವಂಥ ಒಂದು ಮಸುಕು, ಅಷ್ಟೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾದವು ಎಂದೂ, ಗೆಲಾಕ್ಸಿಗಳ ಬಾಳಿನಲ್ಲಿ ಅದು ಲೆಕ್ಕಕ್ಕೇ ಬಾರದ ಅವಧಿಯೆಂದೂ ಅಲ್ಲಿದ್ದ ಮೇಷ್ಟ್ರು ವಿವರಿಸಿದರು.

ಅಂದಿನಿಂದ ಗೆಲಾಕ್ಸಿಗಳ ಹುಟ್ಟು ಮತ್ತು ವಿಕಾಸದ ಕುರಿತು ಕನ್ನಡದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ವಿವರಣೆ ಸಿಗುತ್ತದೆ. ಒಂದು ಗೆಲಾಕ್ಸಿ ಬೆಳೆಯುವುದನ್ನು ಕೂತು ನೋಡಲು ಯಾರಿಂದಲೂ ಆಗದು. ಆದರೆ ದೂರ ನೋಡಿದಷ್ಟೂ ಹಳೆಯ ಕಾಲವನ್ನು ನೋಡಿದಂತಾಗುವುದರಿಂದ ದೂರದ ಗೆಲಾಕ್ಸಿಗಳು ಎಳೆಯವಾಗಿ ಕಾಣುತ್ತವೆ, ಹತ್ತಿರದವು ಬಲಿತವಾಗಿ ಕಾಣುತ್ತವೆ. ಇವನ್ನು ಸಾಲಾಗಿ ಜೋಡಿಸಿದರೆ ವಿಕಾಸದ ಕಥೆ ಸಿಗುತ್ತದೆ. ನನ್ನ ಅನುಮಾನ ಇರುವುದು ಈ ಜೋಡಿಸುವ ಕೆಲಸದಲ್ಲಿ.

ಅಡಿಕೆಯನ್ನು ಕಂಡೇ ಇರದ ಒಬ್ಬರು ಒಂದು ದಿನದ ಮಟ್ಟಿಗೆ ನಮ್ಮ ತೋಟಕ್ಕೆ ಬಂದರು ಎನ್ನಿ. ಮೊಳಕಾಲೆತ್ತರದ ಸಸಿ, ಆಳೆತ್ತರದ ಗಿಡ, ಐವತ್ತು ಅಡಿಯ ಮರ, ತಲೆ ಮುರಿದ ಮುದಿ ಮರ ಎಲ್ಲವನ್ನೂ ನೋಡಿ, ಇವೆಲ್ಲ ಒಂದೇ ಜಾತಿಯ ಮರದ ಬೇರೆ ಬೇರೆ ವಯಸ್ಸು ಎಂದು ಅವರು ಊಹಿಸಿದರೆ ಅದು ಸರಿಯಾದೀತು. ಆದರೆ ಅಡಿಕೆಯ ನಡುವೆ ನಾವು ಬಾಳೆಯನ್ನೂ ಹಾಕಿರುತ್ತೇವೆ. ಗಿಡ್ಡನೆಯ ಬಾಳೆ ಎಳೆಯದೆಂದೂ, ಅದೇ ಬೆಳೆದು ಎತ್ತರದ ಅಡಿಕೆ ಮರವಾಗುತ್ತದೆಂದೂ ಅವರು ಬರೆದುಕೊಂಡು ಹೋದರೆ ತಡೆಯುವವರು ಯಾರು? ಖಭೌತವಿಜ್ಞಾನಿಗಳು ಇಂಥ ತಪ್ಪು ಮಾಡಿಲ್ಲ ಎಂಬುದಕ್ಕೆ ಆಧಾರವೇನು? ಒಬ್ಬ ವಿಜ್ಞಾನಿಯ ಕೆಲಸವನ್ನಾದರೂ ಬುಡದಿಂದ ಹಿಡಿದು ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಾಲುಹಾದಿ

ಸಾಗರಸೀಮೆಯವರಿಗೆ ನಮಸ್ಕಾರ. ತಮ್ಮ ಅನುಮಾನ ತಳ್ಳಿಹಾಕುವಂಥದ್ದಲ್ಲ. ಅಂಥದೊಂದು ಗೊಂದಲದ ಗುರುತು ಖಗೋಳವಿಜ್ಞಾನದ ಪರಿಭಾಷೆಯಲ್ಲಿ ಇಂದಿಗೂ ಉಳಿದಿದೆ. ಎಡ್ವಿನ್ ಹಬಲ್ ಅವರು 1926ರಲ್ಲಿ ಗೆಲಾಕ್ಸಿಗಳನ್ನು ಆಕಾರದ ಮೇಲೆ ವಿಂಗಡಿಸಿದಾಗ, ಮೊಟ್ಟೆಯಾಕಾರದ ನುಣುಪಾದ ದೀರ್ಘವೃತ್ತೀಯ ಗೆಲಾಕ್ಸಿಗಳಿಗೆ ‘ಮೊದಲಿನ ಬಗೆ’ ಎಂದೂ ಸುರುಳಿಗಳಿಗೆ ‘ನಂತರದ ಬಗೆ’ ಎಂದೂ ಹೆಸರು ಬಿತ್ತು. ಈ ಹೆಸರುಗಳಿಗೂ ವಯಸ್ಸಿಗೂ ಸಂಬಂಧವಿಲ್ಲ. ವಿಚಿತ್ರವೆಂದರೆ ‘ಮೊದಲಿನ’ ಎಂದು ಕರೆಸಿಕೊಳ್ಳುವ ಗೆಲಾಕ್ಸಿಗಳಲ್ಲೇ ಮುದಿ ನಕ್ಷತ್ರಗಳು ತುಂಬಿವೆ. ಆದರೂ ಸಂಶೋಧಕರು ಆ ಹೆಸರುಗಳನ್ನು ಇನ್ನೂ ಬಿಟ್ಟಿಲ್ಲ.

ಒಬ್ಬ ವಿಜ್ಞಾನಿಯ ಕೆಲಸವನ್ನು ಬುಡದಿಂದ ಹೇಳಿ ಎಂದಿದ್ದೀರಿ. ನಾನು ಆರಿಸಿಕೊಳ್ಳುವುದು ಬಿಯಾಟ್ರಿಸ್ ಟಿನ್ಸ್‌ಲಿ ಅವರನ್ನು. ಹುಟ್ಟಿದ್ದು 1941ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ, ಬೆಳೆದು ಓದಿದ್ದು ನ್ಯೂಜಿಲೆಂಡಿನಲ್ಲಿ. ಭೌತಶಾಸ್ತ್ರಜ್ಞರಾದ ಪತಿಗೆ ಅಮೆರಿಕದ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿದ್ದರಿಂದ 1963ರಲ್ಲಿ ಅಲ್ಲಿಗೆ ಹೋದರು. ಡಲ್ಲಾಸ್‌ನಲ್ಲಿ ತಮಗೆ ಬೇಕಾದ ವಿಷಯವನ್ನು ಓದುವ ಅನುಕೂಲವಿರಲಿಲ್ಲವಾಗಿ, ಸುಮಾರು 300 ಕಿಲೋಮೀಟರ್ ದೂರದ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಓಡಾಡಿಕೊಂಡು 1966ರಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಮುಗಿಸಿದರು. ಪ್ರಬಂಧದ ವಿಷಯ: ಗೆಲಾಕ್ಸಿಗಳ ವಿಕಾಸ ಮತ್ತು ವಿಶ್ವವಿಜ್ಞಾನದಲ್ಲಿ ಅದರ ಮಹತ್ವ.

ತಾವು ಮಸುಕೆಂದು ಕಂಡ ಆ ಬೆಳಕನ್ನೇ ತೆಗೆದುಕೊಳ್ಳೋಣ. ಅದು ಲಕ್ಷಾಂತರ ಕೋಟಿ ನಕ್ಷತ್ರಗಳಲ್ಲದಿದ್ದರೂ ಹತ್ತಾರು ಸಾವಿರ ಕೋಟಿ ನಕ್ಷತ್ರಗಳ ಬೆಳಕಿನ ಮೊತ್ತ. ಒಂದೊಂದು ನಕ್ಷತ್ರ ಹೇಗೆ ಬಾಳುತ್ತದೆ ಎಂಬುದು 1960ರ ಹೊತ್ತಿಗೆ ಚೆನ್ನಾಗಿ ತಿಳಿದಿತ್ತು. ಸೂರ್ಯನ ಇಪ್ಪತ್ತು ಪಟ್ಟು ತೂಕದ ನಕ್ಷತ್ರ ನೀಲಿಯಾಗಿ ಧಗಧಗಿಸಿ ಸುಮಾರು ಒಂದು ಕೋಟಿ ವರ್ಷದೊಳಗೆ ಮುಗಿದುಹೋಗುತ್ತದೆ. ಸೂರ್ಯನಂಥದ್ದು ಸುಮಾರು 1000 ಕೋಟಿ ವರ್ಷ ಬಾಳುತ್ತದೆ. ಸೂರ್ಯನ ಅರ್ಧದಷ್ಟು ತೂಕದ ಕೆಂಪು ನಕ್ಷತ್ರಗಳು, 1380 ಕೋಟಿ ವರ್ಷ ವಯಸ್ಸಿನ ಈ ವಿಶ್ವದಲ್ಲಿ ಒಂದೂ ಇನ್ನೂ ಮುಪ್ಪಿನಿಂದ ಸತ್ತಿಲ್ಲ. ಹೀಗಿರುವಾಗ ಗೆಲಾಕ್ಸಿಯ ಒಟ್ಟು ಬೆಳಕಿನಲ್ಲಿ ನೀಲಿ ಎಷ್ಟು, ಕೆಂಪು ಎಷ್ಟು ಎಂದು ಅಳೆದರೆ ಅದರ ನಕ್ಷತ್ರಗಳು ಯಾವಾಗ ಹುಟ್ಟಿದವು ಎಂಬುದರ ಸುಳಿವು ಆ ಬಣ್ಣದಲ್ಲೇ ಇರಬೇಕು.

ಟಿನ್ಸ್‌ಲಿ ಮಾಡಿದ್ದು ಈ ಸುಳಿವನ್ನು ಲೆಕ್ಕಕ್ಕೆ ಇಳಿಸುವ ಕೆಲಸವನ್ನು. ಕೈಯಲ್ಲಿ ಇಂತಿಷ್ಟು ಅನಿಲವಿದೆ ಎಂದಿಟ್ಟುಕೊಂಡು, ಪ್ರತಿ ಅವಧಿಯಲ್ಲಿ ಅದರ ಎಷ್ಟು ಪಾಲು ನಕ್ಷತ್ರಗಳಾಗುತ್ತದೆ, ಹುಟ್ಟಿದವುಗಳಲ್ಲಿ ದೊಡ್ಡವೆಷ್ಟು ಚಿಕ್ಕವೆಷ್ಟು, ಒಂದೊಂದು ಗುಂಪು ಯಾವ ವಯಸ್ಸಿನಲ್ಲಿ ಯಾವ ಬಣ್ಣದಲ್ಲಿ ಎಷ್ಟು ಬೆಳಗುತ್ತದೆ, ಸಾಯುವಾಗ ಎಷ್ಟು ಅನಿಲವನ್ನು ಹಿಂದಿರುಗಿಸುತ್ತದೆ ಎಂಬುದನ್ನೆಲ್ಲ ಹೆಜ್ಜೆಹೆಜ್ಜೆಯಾಗಿ ಗಣಕಯಂತ್ರದಲ್ಲಿ ಕೂಡಿ ಕಳೆದು, ಗೆಲಾಕ್ಸಿಯ ಬಣ್ಣ ಮತ್ತು ಪ್ರಕಾಶ ಕಾಲಕಾಲಕ್ಕೆ ಹೇಗಿರಬೇಕು ಎಂಬ ಪಟ್ಟಿಯನ್ನು ಆಕೆ ತಯಾರಿಸಿದರು. 1968ರಲ್ಲಿ ಪ್ರಕಟವಾದ ಈ ಲೆಕ್ಕದ ಬಗೆ ಎಷ್ಟೋ ಸುಧಾರಣೆಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ.

ತಮ್ಮ ಬಾಳೆ–ಅಡಿಕೆ ಪ್ರಶ್ನೆಗೆ ಈ ಪಟ್ಟಿ ಕೊಡುವ ಉತ್ತರ ಕುತೂಹಲಕರವಾಗಿದೆ. ವಾಣಿಜ್ಯ ಓದಿದವರಿಗೆ ಇದು ಸುಲಭವಾಗಿ ಹಿಡಿಸೀತು. ಒಂದೇ ಹೊತ್ತಿಗೆ ಪಾಲಾದ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಬಂದ ಆಸ್ತಿಯನ್ನೆಲ್ಲ ನಾಲ್ಕೇ ದಿನಗಳಲ್ಲಿ ಖರ್ಚು ಮಾಡಿದ. ಇನ್ನೊಬ್ಬ ಅಳೆದು ಸುರಿದು ಇಂದಿಗೂ ನಡೆಸಿಕೊಂಡು ಬಂದಿದ್ದಾನೆ. ಮೊದಲನೆಯವನ ಮನೆ ದೀರ್ಘವೃತ್ತೀಯ ಗೆಲಾಕ್ಸಿ: ಅನಿಲವನ್ನೆಲ್ಲ ಬಹುಬೇಗ ನಕ್ಷತ್ರಗಳಾಗಿಸಿತು, ನೀಲಿ ನಕ್ಷತ್ರಗಳು ಸತ್ತುಹೋದವು, ಈಗ ಉಳಿದಿರುವುದು ಕೆಂಪು ಬೆಳಕು. ಎರಡನೆಯದು ಸುರುಳಿ ಗೆಲಾಕ್ಸಿ: ಇನ್ನೂ ಅನಿಲವಿದೆ, ಹೊಸ ನಕ್ಷತ್ರಗಳು ಹುಟ್ಟುತ್ತಲೇ ಇವೆ, ಆದ್ದರಿಂದ ನೀಲಿ. ಬಣ್ಣದಲ್ಲಿ ಒಂದು ಎಳೆಯದಾಗಿಯೂ ಇನ್ನೊಂದು ಮುದಿಯಾಗಿಯೂ ಕಂಡರೂ ಎರಡರ ವಯಸ್ಸೂ ಒಂದೇ ಇರಬಹುದು. ಬೇರೆಯಾಗಿರುವುದು ಖರ್ಚಿನ ವೇಗ. ಸುರುಳಿಯು ಮುಪ್ಪಾಗಿ ದೀರ್ಘವೃತ್ತೀಯವಾಯಿತು ಎಂದೋ, ಅದರ ತಿರುವುಮುರುವೋ ಊಹಿಸುವ ಅಗತ್ಯವೇ ಇಲ್ಲದೆ ಎರಡೂ ಬಣ್ಣಗಳನ್ನು ವಿವರಿಸಬಹುದು ಎಂಬುದು ಅಂದಿಗೆ ಸಣ್ಣ ಮಾತಾಗಿರಲಿಲ್ಲ.

ಈ ಲೆಕ್ಕದ ಬಿಸಿ ತಟ್ಟಿದ್ದು ವಿಶ್ವವಿಜ್ಞಾನಿಗಳಿಗೆ. ಆಗ ಅಲನ್ ಸ್ಯಾಂಡೇಜ್ ಮೊದಲಾದ ಹಿರಿಯರು ಪಾಲೊಮಾರ್‌ನ 5 ಮೀಟರ್ ದೂರದರ್ಶಕದಿಂದ ವಿಶ್ವದ ಹಿಗ್ಗುವಿಕೆ ಎಷ್ಟು ನಿಧಾನಗೊಳ್ಳುತ್ತಿದೆ ಎಂದು ಅಳೆಯಲು ಹೊರಟಿದ್ದರು. ಅವರು ನೆಚ್ಚಿಕೊಂಡಿದ್ದು ಗೆಲಾಕ್ಸಿಗಳ ಗುಂಪುಗಳಲ್ಲಿನ ದೈತ್ಯ ದೀರ್ಘವೃತ್ತೀಯ ಗೆಲಾಕ್ಸಿಗಳನ್ನು. ಬೀದಿದೀಪಗಳೆಲ್ಲ ಒಂದೇ ವಾಟಿನವಾಗಿದ್ದರೆ ಮಂಕು ನೋಡಿಯೇ ದೂರ ಹೇಳಬಹುದಷ್ಟೆ. ಹಾಗೆಯೇ ಈ ದೈತ್ಯರೆಲ್ಲ ಎಲ್ಲ ಕಾಲದಲ್ಲೂ ಒಂದೇ ಪ್ರಕಾಶದವು ಎಂದು ಭಾವಿಸಲಾಗಿತ್ತು. ಟಿನ್ಸ್‌ಲಿ ತೋರಿಸಿದ್ದು ಏನೆಂದರೆ, ಹೊಸ ನಕ್ಷತ್ರಗಳು ಹುಟ್ಟದ ಗೆಲಾಕ್ಸಿ ಕಾಲ ಸರಿದಂತೆ ಮಂಕಾಗಲೇಬೇಕು, ಎಂದರೆ ದೂರದ, ಹಿಂದಿನ ಕಾಲದ ಗೆಲಾಕ್ಸಿಗಳು ಇಂದಿನವುಗಳಿಗಿಂತ ಹೆಚ್ಚು ಪ್ರಕಾಶಮಾನವಾಗಿದ್ದವು. ಈ ಒಂದು ತಿದ್ದುಪಡಿಯೇ ಅಳೆಯಬೇಕಾದ ವ್ಯತ್ಯಾಸವನ್ನು ನುಂಗಿಹಾಕುವಷ್ಟು ದೊಡ್ಡದು. ಹಿಗ್ಗುವಿಕೆ ಒಂದು ದಿನ ನಿಂತು ವಿಶ್ವ ಮರಳಿ ಕುಗ್ಗೀತು ಎಂಬ ತೀರ್ಮಾನದ ಬುಡ ಇದರಿಂದ ಸಡಿಲವಾಯಿತು. ಇನ್ನೂ ಕಾಯಂ ಹುದ್ದೆಯಿಲ್ಲದ ಎಳೆಯ ಸಂಶೋಧಕಿಯ ಮಾತನ್ನು ಎಲ್ಲರೂ ಒಡನೆಯೇ ಒಪ್ಪಲಿಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ.

ಡಲ್ಲಾಸ್‌ನಲ್ಲಿ ತಕ್ಕ ಹುದ್ದೆ ದೊರೆಯದೆ, 1974ರಲ್ಲಿ ವಿಚ್ಛೇದನವಾಗಿ, 1975ರಲ್ಲಿ ಆಕೆ ಯೇಲ್ ವಿಶ್ವವಿದ್ಯಾಲಯ ಸೇರಿದರು. 1978ರಲ್ಲಿ ಅಲ್ಲಿನ ಖಗೋಳ ವಿಭಾಗದ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು. ಅದೇ ವರ್ಷ ರಿಚರ್ಡ್ ಲಾರ್ಸನ್ ಜೊತೆ ಬರೆದ ಪ್ರಬಂಧವನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಓದಿಸುತ್ತೇನೆ. ಸಾಮಾನ್ಯ ಗೆಲಾಕ್ಸಿಗಳ ಎರಡು ಬಗೆಯ ಬಣ್ಣಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಚುಕ್ಕಿಗಳು ಕಿರಿದಾದ ಒಂದು ಪಟ್ಟಿಯ ಮೇಲೆ ಸಾಲುಗಟ್ಟುತ್ತವೆ. ಹಾಲ್ಟನ್ ಆರ್ಪ್ 1966ರಲ್ಲಿ ಪಟ್ಟಿಮಾಡಿದ 338 ವಿಚಿತ್ರಾಕಾರದ ಗೆಲಾಕ್ಸಿಗಳ ಪೈಕಿ ಬಣ್ಣ ಅಳೆದಿದ್ದವುಗಳನ್ನು ಅದೇ ನಕ್ಷೆಯಲ್ಲಿಟ್ಟರೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆ ವಿಚಿತ್ರಾಕಾರದವುಗಳಲ್ಲಿ ಹಲವು, ನೆರೆಯ ಗೆಲಾಕ್ಸಿಯೊಂದಿಗೆ ಡಿಕ್ಕಿ ಹೊಡೆಯುತ್ತಿರುವಂಥವು. ಡಿಕ್ಕಿಯಿಂದ ಅನಿಲ ಒತ್ತರಿಸಿ, ಎರಡು ಕೋಟಿ ವರ್ಷದಷ್ಟು ಚಿಕ್ಕ ಅವಧಿಯಲ್ಲಿ ನಕ್ಷತ್ರಗಳು ಒಮ್ಮೆಲೇ ಹುಟ್ಟಿದರೆ ಇಂಥ ಬಣ್ಣಗಳೇ ಬರುತ್ತವೆ ಎಂದು ಅವರಿಬ್ಬರೂ ಲೆಕ್ಕ ಹಾಕಿ ತೋರಿಸಿದರು. ಗೆಲಾಕ್ಸಿಯ ಬಾಳು ಒಳಗಿನಿಂದಷ್ಟೇ ನಡೆಯುವುದಿಲ್ಲ, ನೆರೆಹೊರೆಯವರೂ ಅದನ್ನು ತಿರುಗಿಸಬಲ್ಲರು ಎಂಬುದಕ್ಕೆ ಬಣ್ಣದ ಸಾಕ್ಷಿ ಸಿಕ್ಕಿದ್ದು ಹೀಗೆ.

1981ರ ಮಾರ್ಚ್ 23ರಂದು, ಚರ್ಮದ ಕ್ಯಾನ್ಸರಿನಿಂದ, 40ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು.

ಉತ್ತರ: ಲೆಕ್ಕಿಗ

ಹಾಲುಹಾದಿಯವರ ವಿವರಣೆ ಚೆನ್ನಾಗಿದೆ. ಆದರೆ ಓದಿದವರಿಗೆ ಬಣ್ಣ ಅಳೆದರೆ ವಯಸ್ಸು ಸಿಕ್ಕಿಬಿಡುತ್ತದೆ ಎಂಬ ಭಾವನೆ ಬಂದೀತೆಂಬ ಅಂಜಿಕೆಯಿಂದ ಎರಡು ತಕರಾರು ಸೇರಿಸುತ್ತೇನೆ.

ಮೊದಲನೆಯದು, ಕೆಂಪಾಗಿರುವ ಗೆಲಾಕ್ಸಿಯೆಲ್ಲ ಮುದಿಯಲ್ಲ. ಖಗೋಳವಿಜ್ಞಾನಿಗಳು ಜಲಜನಕ ಮತ್ತು ಹೀಲಿಯಂ ಬಿಟ್ಟು ಉಳಿದೆಲ್ಲ ಧಾತುಗಳನ್ನೂ ‘ಲೋಹ’ ಎಂದು ಕರೆಯುತ್ತಾರೆ (ಆಮ್ಲಜನಕವನ್ನು ಲೋಹವೆಂದರೆ ರಸಾಯನಶಾಸ್ತ್ರದ ಮೇಷ್ಟ್ರು ಬೆತ್ತ ಹಿಡಿಯುತ್ತಾರೆ, ಆ ಮಾತು ಬೇರೆ). ಲೋಹಗಳು ಹೆಚ್ಚಿರುವ ನಕ್ಷತ್ರ, ಅದೇ ವಯಸ್ಸಿನ ಲೋಹ ಕಡಿಮೆಯಿರುವ ನಕ್ಷತ್ರಕ್ಕಿಂತ ಕೆಂಪಾಗಿರುತ್ತದೆ. ಹಾಗಾಗಿ ಎಳೆಯದಾಗಿದ್ದು ಲೋಹ ಹೆಚ್ಚಿರುವ ಗೆಲಾಕ್ಸಿಯೂ, ಹಳೆಯದಾಗಿದ್ದು ಲೋಹ ಕಡಿಮೆಯಿರುವ ಗೆಲಾಕ್ಸಿಯೂ ಒಂದೇ ಬಣ್ಣದಲ್ಲಿ ಕಾಣಬಹುದು. ಇದನ್ನು ಬಿಡಿಸಲು ಬಣ್ಣ ಸಾಲದು. ಬೆಳಕನ್ನು ರೋಹಿತವಾಗಿ ಹರಡಿ, ಅದರಲ್ಲಿನ ಕಪ್ಪು ಗೆರೆಗಳನ್ನು ಅಳೆಯಬೇಕು. ಜಲಜನಕದ ಗೆರೆಗಳು ವಯಸ್ಸಿನ ಕಡೆಗೂ ಕಬ್ಬಿಣ, ಮೆಗ್ನೀಸಿಯಂ ಗೆರೆಗಳು ಲೋಹದ ಕಡೆಗೂ ಹೆಚ್ಚು ಮಿಡಿಯುತ್ತವೆ ಎಂಬುದರಿಂದ ಗಂಟು ಬಹುಮಟ್ಟಿಗೆ ಬಿಚ್ಚುತ್ತದೆ, ಪೂರ್ತಿ ಬಿಚ್ಚುವುದಿಲ್ಲ.

ಎರಡನೆಯದು, ದೈತ್ಯ ಗೆಲಾಕ್ಸಿಗಳು ಮಂಕಾಗುತ್ತವೆ ಎಂಬುದು ಅರ್ಧ ಕಥೆ. ಗೆಲಾಕ್ಸಿಗಳ ಗುಂಪಿನ ನಡುವೆ ಕುಳಿತ ದೈತ್ಯ, ಸುತ್ತಲಿನ ಚಿಕ್ಕವುಗಳನ್ನು ನುಂಗಿ ನುಂಗಿ ದಪ್ಪಗಾಗುತ್ತದೆ ಎಂದು ಜೆರಮಯ್ಯ ಆಸ್ಟ್ರೈಕರ್ ಮತ್ತು ಸ್ಕಾಟ್ ಟ್ರಿಮೇನ್ 1975ರಲ್ಲಿ ವಾದಿಸಿದರು. ನಕ್ಷತ್ರಗಳ ಮುಪ್ಪು ಗೆಲಾಕ್ಸಿಯನ್ನು ಮಂಕಾಗಿಸಿದರೆ ನುಂಗುವಿಕೆ ಪ್ರಕಾಶ ಹೆಚ್ಚಿಸುತ್ತದೆ. ಒಂದು ಕಡೆಯಿಂದ ಸೋರುವ ಹಂಡೆಗೆ ಇನ್ನೊಂದು ಕಡೆಯಿಂದ ನೀರು ಹೊಯ್ದಂತೆ. ಎರಡರಲ್ಲಿ ಯಾವುದು ಎಷ್ಟು ಎಂದು ಖಚಿತವಿಲ್ಲದೆ ಆ ಗೆಲಾಕ್ಸಿಗಳಿಂದ ವಿಶ್ವದ ಭವಿಷ್ಯ ಹೇಳುವಂತಿರಲಿಲ್ಲ. 1974ರಲ್ಲಿ ಗಾಟ್, ಗನ್, ಶ್ರಾಮ್ ಮತ್ತು ಟಿನ್ಸ್‌ಲಿ ನಾಲ್ವರೂ ಸೇರಿ ವಿಶ್ವ ಎಂದೆಂದಿಗೂ ಹಿಗ್ಗುತ್ತಲೇ ಇರುತ್ತದೆ ಎಂದು ವಾದಿಸುವಾಗ ಗೆಲಾಕ್ಸಿಗಳ ಪ್ರಕಾಶವೊಂದನ್ನೇ ನೆಚ್ಚದೆ ದ್ರವ್ಯದ ಸಾಂದ್ರತೆ, ಭಾರಜಲಜನಕದ ಪ್ರಮಾಣ ಮೊದಲಾದ ಬೇರೆ ದಾರಿಗಳನ್ನೂ ಹಿಡಿದಿದ್ದರು. ಮರುವರ್ಷ ಗನ್ ಮತ್ತು ಟಿನ್ಸ್‌ಲಿ, ಹಿಗ್ಗುವಿಕೆ ವೇಗ ಹೆಚ್ಚಿಸಿಕೊಳ್ಳುತ್ತಿರಬಹುದು ಎಂಬ ಸಾಧ್ಯತೆಯನ್ನೂ ಮುಂದಿಟ್ಟರು. 1998ರಲ್ಲಿ ಸಿಡಿದು ಸಾಯುವ ನಕ್ಷತ್ರಗಳಾದ ಸೂಪರ್‌ನೋವಾಗಳ ಅಳತೆಯಿಂದ ಹಿಗ್ಗುವಿಕೆಯ ವೇಗ ನಿಜಕ್ಕೂ ಹೆಚ್ಚುತ್ತಿದೆ ಎಂದು ತಿಳಿಯಿತು, ನಿಜ. ಆದರೆ ಅದನ್ನು ಟಿನ್ಸ್‌ಲಿ 23 ವರ್ಷ ಮೊದಲೇ ಕಂಡುಹಿಡಿದರು ಎಂದು ಕೆಲವರು ಬರೆಯುವುದು ಉತ್ಸಾಹದ ಮಾತು. ಅಂದಿನ ದತ್ತಾಂಶಕ್ಕೆ ಆ ಭಾರ ಹೊರುವ ಶಕ್ತಿ ಇರಲಿಲ್ಲವೆಂದು ನನ್ನ ಅಭಿಪ್ರಾಯ.

ಮರುಪ್ರಶ್ನೆ: ಸಾಗರಸೀಮೆ

ಇಬ್ಬರಿಗೂ ಕೃತಜ್ಞತೆಗಳು. ಅಣ್ಣತಮ್ಮಂದಿರ ಪಾಲಿನ ಉದಾಹರಣೆ ಮನಸ್ಸಿಗೆ ನಾಟಿತು. ನಮ್ಮ ಕಡೆ ಅಂಥ ಎರಡು ಮನೆಗಳು ಎಲ್ಲ ಊರಿನಲ್ಲೂ ಇರುತ್ತವೆ. ಹಾಗಿದ್ದರೆ ಇನ್ನೊಂದು ಮಾತು. ಒಂದು ಗೆಲಾಕ್ಸಿಯ ಹಳೆಯ ಕಾಲವನ್ನು ಅದರ ನಕ್ಷತ್ರಗಳಿಂದಲೇ ಓದಬಹುದಾದರೆ, ದೂರದ ಬೇರೆ ಗೆಲಾಕ್ಸಿಗಳನ್ನು ತಂದು ಜೋಡಿಸುವ ಗೊಡವೆಯೇ ಬೇಡವಲ್ಲ? ಅಡಿಕೆ ಮರದ ಕಾಂಡದಲ್ಲಿ ಹಾಳೆ ಕಳಚಿ ಬಿದ್ದ ಜಾಗದಲ್ಲೆಲ್ಲ ಒಂದೊಂದು ಉಂಗುರ ಉಳಿಯುತ್ತದೆ. ಮರ ಸೊಂಪಾಗಿ ಬೆಳೆದ ಕಾಲದಲ್ಲಿ ಉಂಗುರಗಳ ನಡುವೆ ಅಂತರ ಹೆಚ್ಚು, ಸೊರಗಿದ ಕಾಲದಲ್ಲಿ ಕಡಿಮೆ. ಪಕ್ಕದ ಸಸಿಯನ್ನು ನೋಡದೆಯೇ ಆ ಮರದ ಕಥೆಯನ್ನು ಅದರ ಕಾಂಡದಲ್ಲೇ ಓದಬಹುದು. ನಮ್ಮದೇ ಕ್ಷೀರಪಥದಲ್ಲಿ ಹಾಗೆ ಓದಿದವರಿದ್ದಾರೆಯೆ?

ಉತ್ತರ: ಇರುಳುಬಾನು

ಇದ್ದಾರೆ; ಮತ್ತು ಈ ಓದಿಗೆ ಬೇಕಾದ ಅಕ್ಷರಮಾಲೆಯ ಕೆಲವು ಅಕ್ಷರಗಳೂ ಟಿನ್ಸ್‌ಲಿ ಅವರಿಂದಲೇ ಬಂದವು ಎಂಬುದು ಮೇಲಿನ ಉತ್ತರಗಳಲ್ಲಿ ಬಿಟ್ಟುಹೋಗಿದೆ.

ಮಹಾಸ್ಫೋಟದಿಂದ ಬಂದದ್ದು ಮುಖ್ಯವಾಗಿ ಜಲಜನಕ ಮತ್ತು ಹೀಲಿಯಂ. ಉಳಿದ ಧಾತುಗಳು ನಕ್ಷತ್ರಗಳಲ್ಲಿ ಬೆಂದು, ಅವು ಸಾಯುವಾಗ ಹೊರಚೆಲ್ಲಿ, ಮುಂದಿನ ಪೀಳಿಗೆಯ ನಕ್ಷತ್ರಗಳಲ್ಲಿ ಸೇರಿಕೊಂಡವು. ಆದ್ದರಿಂದ ಸೂರ್ಯನಂಥ ದೀರ್ಘಾಯುಷಿ ನಕ್ಷತ್ರದ ಹೊರಪದರದಲ್ಲಿ ಅದು ಹುಟ್ಟಿದ ಕಾಲದ ಅನಿಲದ ರುಚಿ ಹಾಗೆಯೇ ಉಳಿದಿರುತ್ತದೆ. ಈಗ ಲೆಕ್ಕ ನೋಡಿ. ಕ್ಷೀರಪಥವು ತನ್ನ ಅನಿಲವನ್ನೆಲ್ಲ ಆರಂಭದಲ್ಲೇ ಇಟ್ಟುಕೊಂಡು, ಮುಚ್ಚಿದ ಪೆಟ್ಟಿಗೆಯ ಹಾಗೆ ಹೊರಗಿನಿಂದ ಏನೂ ಬಾರದೆ ವಿಕಾಸವಾಗಿದ್ದರೆ, ಲೋಹ ತೀರ ಕಡಿಮೆಯಿರುವ ಹಳೆಯ ಚಿಕ್ಕ ನಕ್ಷತ್ರಗಳು ಸೂರ್ಯನ ಸುತ್ತಮುತ್ತ ಹೇರಳವಾಗಿ ಸಿಗಬೇಕು. ಸಿಗುವುದು ಅದರ ಒಂದು ಸಣ್ಣ ಪಾಲು ಮಾತ್ರ. 1960ರ ದಶಕದ ಆರಂಭದಲ್ಲೇ ಗಮನಕ್ಕೆ ಬಂದಿದ್ದ ಈ ತಾಳೆಯಾಗದ ಲೆಕ್ಕಕ್ಕೆ ಲಾರ್ಸನ್, ಟಿನ್ಸ್‌ಲಿ ಮೊದಲಾದವರು ಬೆಂಬಲಿಸಿದ ಪರಿಹಾರವನ್ನು ವಾಣಿಜ್ಯದ ಭಾಷೆಯಲ್ಲೇ ಹೇಳುವುದಾದರೆ, ಪೂರ್ತಿ ಬಂಡವಾಳವನ್ನು ಮೊದಲ ದಿನವೇ ಹೂಡಿದಂತೆ ಖಾತೆ ಬರೆದದ್ದು ತಪ್ಪು. ಬಂಡವಾಳ ಕಂತುಕಂತಾಗಿ ಬಂದಿದೆ. ಹೊರಗಿನ ಅನಿಲ ಕ್ಷೀರಪಥದ ಮೇಲೆ ಬಹುಕಾಲ ಸುರಿಯುತ್ತಲೇ ಇತ್ತು ಎಂದು ಒಪ್ಪಿದರೆ ಖಾತೆ ಹೊಂದಿಕೊಳ್ಳುತ್ತದೆ.

1979ರಲ್ಲಿ ಟಿನ್ಸ್‌ಲಿ ಇನ್ನೊಂದು ಗಡಿಯಾರವನ್ನು ಗುರುತಿಸಿದರು. ಆಮ್ಲಜನಕವನ್ನು ಮುಖ್ಯವಾಗಿ ಚೆಲ್ಲುವುದು ಬೇಗ ಸಾಯುವ ಭಾರಿ ನಕ್ಷತ್ರಗಳು. ಕಬ್ಬಿಣದ ದೊಡ್ಡ ಪಾಲು ಬರುವುದು ತಡವಾಗಿ ಸಿಡಿಯುವ ಬೇರೊಂದು ಬಗೆಯ ಸೂಪರ್‌ನೋವಾಗಳಿಂದ. ಹಾಗಾಗಿ ಕಬ್ಬಿಣಕ್ಕೆ ಹೋಲಿಸಿದರೆ ಆಮ್ಲಜನಕ ಹೆಚ್ಚಿರುವ ನಕ್ಷತ್ರ, ತಡವಾದ ಸಿಡಿತಗಳು ಶುರುವಾಗುವ ಮುನ್ನವೇ ಹುಟ್ಟಿರಬೇಕು. ತಮ್ಮ ಅಡಿಕೆ ಮರದ ಉಂಗುರಗಳ ಅಂತರಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ತೋಚದು: ನಕ್ಷತ್ರಗಳು ಅವಸರದಲ್ಲಿ ಹುಟ್ಟಿದ ಕಾಲ ಯಾವುದು, ನಿಧಾನಕ್ಕೆ ಹುಟ್ಟಿದ ಕಾಲ ಯಾವುದು ಎಂಬುದು ಈ ಎರಡು ಧಾತುಗಳ ಅನುಪಾತದಲ್ಲಿ ಬರೆದಿದೆ.

ಈ ಗಡಿಯಾರದ ಅತಿ ಸೊಗಸಾದ ಬಳಕೆ 2018ರಲ್ಲಿ ಆಯಿತು. ಯುರೋಪಿನ ಗಯಾ ನೌಕೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಸ್ಥಾನ ಮತ್ತು ಚಲನೆಯನ್ನು ಅಳೆದು ಕೊಟ್ಟಾಗ, ಸೂರ್ಯನ ನೆರೆಯಲ್ಲೇ ಒಂದು ದೊಡ್ಡ ಗುಂಪು ನಕ್ಷತ್ರಗಳು ಕ್ಷೀರಪಥದ ತಟ್ಟೆಯೊಂದಿಗೆ ಸುತ್ತದೆ, ಕೇಂದ್ರದ ಕಡೆಗೆ ನುಗ್ಗಿ ಮರಳುವಂಥ ಉದ್ದುದ್ದನೆಯ ಕಕ್ಷೆಗಳಲ್ಲಿ ಇರುವುದು ಕಂಡಿತು. ಅವುಗಳ ಧಾತುಗಳ ಅನುಪಾತ, ಅವು ಕ್ಷೀರಪಥಕ್ಕಿಂತ ಚಿಕ್ಕದಾದ ಬೇರೊಂದು ಗೆಲಾಕ್ಸಿಯಲ್ಲಿ ಹುಟ್ಟಿದವೆಂದು ಹೇಳಿತು. ಸುಮಾರು 1000 ಕೋಟಿ ವರ್ಷಗಳ ಹಿಂದೆ ಕ್ಷೀರಪಥ ನುಂಗಿದ ಆ ಗೆಲಾಕ್ಸಿಗೆ ಗಯಾ–ಎನ್ಸೆಲಡಸ್ ಎಂದು ಹೆಸರು ಕೊಟ್ಟಿದ್ದಾರೆ. ದತ್ತು ಬಂದ ಮಗ ಹತ್ತು ತಲೆಮಾರಿನ ಬಳಿಕವೂ ಗೋತ್ರದಿಂದ ಗುರುತು ಹತ್ತಿದ ಹಾಗೆ.

ಹಾಗಾದರೆ ದೂರದವು ಬೇಡವೇ ಎಂದು ಕೇಳಿದ್ದೀರಿ. ಬೇಕು. ಕಾಂಡದ ಉಂಗುರ ನೋಡಿ ಮರ ಎಂದು ಸೊರಗಿತು ಎಂದು ಹೇಳಬಹುದು. ಆಗ ಅದರ ತಲೆ ಹೇಗಿತ್ತು, ಹಿಂಗಾರ ಎಷ್ಟು ಬಿಟ್ಟಿತ್ತು ಎಂದು ಹೇಳಲಾಗದು. ನಕ್ಷತ್ರಗಳೂ ಹಾಗೆಯೇ ಹುಟ್ಟಿದ ಕಾಲವನ್ನು ನೆನಪಿಟ್ಟುಕೊಂಡಿವೆ, ಗೆಲಾಕ್ಸಿಯ ಅಂದಿನ ಆಕಾರವನ್ನಲ್ಲ. ಅದಕ್ಕಾಗಿ 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವನ್ನು ಸಪ್ತರ್ಷಿ ಮಂಡಲದ ಒಂದು ಖಾಲಿಯೆಂಬಂಥ ಚೂರಿನ ಕಡೆಗೆ ಹತ್ತು ದಿನ ತಿರುಗಿಸಿಟ್ಟರು. ತೋಳು ಚಾಚಿ ಹಿಡಿದ ಸಾಸಿವೆ ಕಾಳಿನಿಂದ ಮುಚ್ಚಬಹುದಾದ ಆ ಜಾಗದಲ್ಲಿ ಸುಮಾರು 3000 ಗೆಲಾಕ್ಸಿಗಳು ಕಂಡವು. ಬಹು ದೂರದವು ಚಿಕ್ಕವು, ಅಂಕುಡೊಂಕು, ನೀಲಿ. ಇಂಥ ಎಣಿಕೆಗಳಿಂದ, ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವ ಭರಾಟೆ ಸುಮಾರು 1000 ಕೋಟಿ ವರ್ಷಗಳ ಹಿಂದೆ ತುತ್ತತುದಿಯಲ್ಲಿತ್ತು, ಅಂದಿನಿಂದ ಇಳಿಮುಖವಾಗಿದೆ ಎಂದು ತಿಳಿದುಬಂತು. ಹತ್ತಿರದ ಗೆಲಾಕ್ಸಿಗಳ ಹಳೆಯ ನಕ್ಷತ್ರಗಳನ್ನು ಎಣಿಸಿದರೂ ಇಂಥದ್ದೇ ಚಿತ್ರ ಸಿಗುತ್ತದೆ. ಎರಡು ಬೇರೆ ದಾರಿಯಿಂದ ಹೋದವರು ಒಂದೇ ಊರು ತಲುಪಿದರೆ ಊರು ಇದೆಯೆಂದು ನಂಬಬಹುದು.

ತಮ್ಮ ಬಾಳೆಯ ಕಾಟ ಆದರೂ ತಪ್ಪಿಲ್ಲ. ಇಂದಿನ ದೀರ್ಘವೃತ್ತೀಯ ಗೆಲಾಕ್ಸಿಗಳ ಪೂರ್ವಜರನ್ನು ಹುಡುಕುವಾಗ, ಹಿಂದಿನ ಕಾಲದಲ್ಲೂ ದೀರ್ಘವೃತ್ತೀಯವಾಗಿಯೇ ಕಾಣುತ್ತಿದ್ದವುಗಳನ್ನಷ್ಟೇ ಆರಿಸಿಕೊಂಡರೆ, ಆಗ ಇನ್ನೂ ಸುರುಳಿಯಾಗಿದ್ದು ಆಮೇಲೆ ಡಿಕ್ಕಿಯಾಗಿ ಆಕಾರ ಬದಲಿಸಿದವುಗಳು ಬಿಟ್ಟುಹೋಗುತ್ತವೆ; ಉಳಿದವನ್ನು ನೋಡಿ, ಈ ಜಾತಿ ಮೊದಲಿಂದಲೂ ಬದಲಾಗಿಲ್ಲ ಎಂದು ತಪ್ಪು ತೀರ್ಮಾನಕ್ಕೆ ಬರುತ್ತೇವೆ. 1990ರ ದಶಕದಿಂದ ಸಂಶೋಧಕರು ಇದನ್ನು ಬಲ್ಲರು, ಲೆಕ್ಕದಲ್ಲಿ ಇದಕ್ಕೆ ತಿದ್ದುಪಡಿ ಹಾಕುತ್ತಾರೆ. ಅಂದಮೇಲೆ ಬಾಳೆ ಅಡಿಕೆಯಾಗದಿದ್ದರೂ, ಆಕಾಶದಲ್ಲಿ ಎರಡು ಬಾಳೆ ಡಿಕ್ಕಿ ಹೊಡೆದು ಒಂದು ಅಡಿಕೆಯಾಗುವುದುಂಟು ಎಂದು ತಾವು ಒಪ್ಪಬೇಕಾದೀತು.

ಉತ್ತರ: ಹಿನ್ನೀರು

ನಾನು ರೇಡಿಯೊ ತಂತ್ರಜ್ಞಾನದವನು, ಗೆಲಾಕ್ಸಿಗಳ ತಜ್ಞನಲ್ಲ. ಆದರೆ ಪ್ರಶ್ನೆ ಕೇಳಿದವರು ಸಾಗರದ ಕಡೆಯವರೆಂದು ಕಂಡಿದ್ದರಿಂದ ಒಂದು ವಿಷಯ ಹೇಳದೆ ಇರಲಾಗಲಿಲ್ಲ. ಆದಿ ಗೆಲಾಕ್ಸಿಗಳ ಹುಡುಕಾಟದ ಒಂದು ಮುಖ್ಯ ಪ್ರಯೋಗ ನಡೆದದ್ದು ತಮ್ಮ ಶರಾವತಿಯ ಹಿನ್ನೀರಿನಲ್ಲಿ.

ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಅವುಗಳ ಬೆಳಕು ಸುತ್ತಲಿನ ಜಲಜನಕದ ಸ್ಥಿತಿಯನ್ನು ಬದಲಿಸಿತು. ಜಲಜನಕ 1420 ಮೆಗಾಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ವಿಶ್ವ ಹಿಗ್ಗಿದ್ದರಿಂದ ಆ ಕಾಲದ ಮಿಡಿತ ಇಂದು ನಮಗೆ ತಲುಪುವಾಗ ನೂರು ಮೆಗಾಹರ್ಟ್ಸ್‌ಗಿಂತ ಕೆಳಗೆ, ಎಫ್ಎಂ ಬಾನುಲಿಯ ಆಸುಪಾಸಿಗೆ ಇಳಿದಿರುತ್ತದೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಇಟ್ಟಿದ್ದ ಎಡ್ಜಸ್ ಎಂಬ ಉಪಕರಣದವರು 78 ಮೆಗಾಹರ್ಟ್ಸ್‌ನಲ್ಲಿ ಅಂಥ ಗುರುತು, ಎಂದರೆ ಆಕಾಶದ ರೇಡಿಯೊ ಅಲೆಗಳಲ್ಲಿ ಒಂದು ತಗ್ಗು, ಸಿಕ್ಕಿತೆಂದು ಪ್ರಕಟಿಸಿದರು. ಗುರುತು ನಿರೀಕ್ಷೆಗಿಂತ ಎಷ್ಟು ಆಳವಾಗಿತ್ತೆಂದರೆ ಅದನ್ನು ವಿವರಿಸಲು ಹೊಸ ಭೌತಶಾಸ್ತ್ರವೇ ಬೇಕೆಂದು ಪ್ರಬಂಧಗಳ ಸುರಿಮಳೆಯಾಯಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಸರಸ್ 3 ಎಂಬ ಉಪಕರಣದಿಂದ ಇದನ್ನು ಪರೀಕ್ಷಿಸಿದರು. ಆಂಟೆನಾವನ್ನು ನೆಲದ ಮೇಲಿಟ್ಟರೆ, ಮಣ್ಣಿನ ಪದರಗಳಿಂದ ತಿರುಗಿ ಬರುವ ಅಲೆಗಳು ಅಳತೆಯಲ್ಲಿ ಸುಳ್ಳು ಏರಿಳಿತಗಳನ್ನು ಮೂಡಿಸುತ್ತವೆ. ನಮ್ಮ ಕಸುಬಿನವರಿಗೆಲ್ಲ ಇದು ನಿತ್ಯದ ಪಾಡು. ನೀರಾದರೋ ಆಳದವರೆಗೂ ಒಂದೇ ಸಮ. ಆದ್ದರಿಂದ 2020ರ ಆರಂಭದಲ್ಲಿ ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲಿರಿಸಿ, ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. 2022ರಲ್ಲಿ ಪ್ರಕಟವಾದ ಫಲಿತಾಂಶ: ಎಡ್ಜಸ್ ಹೇಳಿದ ಗುರುತು ಅಲ್ಲಿಲ್ಲ, ಶೇಕಡ 95.3ರ ವಿಶ್ವಾಸದೊಂದಿಗೆ. ಅದೇ ವರ್ಷದ ಇನ್ನೊಂದು ಪ್ರಬಂಧದಲ್ಲಿ, ಗುರುತು ಕಾಣದಿರುವುದನ್ನೇ ಬಳಸಿಕೊಂಡು, ಮಹಾಸ್ಫೋಟವಾದ ಸುಮಾರು 20 ಕೋಟಿ ವರ್ಷಗಳಿಗೆ ಇದ್ದ ಗೆಲಾಕ್ಸಿಗಳು ಎಂಥವಾಗಿರಲು ಸಾಧ್ಯವಿಲ್ಲ ಎಂದು ಹೇಳಿದರು. ರೇಡಿಯೊ ಅಲೆಗಳಲ್ಲಿ ಅತಿಯಾಗಿ ಬೆಳಗುವ ಕೆಲವು ಬಗೆಗಳಿಗೆ ಹೀಗೆ ಬಾಗಿಲು ಮುಚ್ಚಿತು. ಏನೂ ಸಿಗಲಿಲ್ಲ ಎಂಬ ಫಲಿತಾಂಶಕ್ಕೆ ಇಷ್ಟು ಬೆಲೆ ಬರುವುದು ವಿರಳ.

ಮೇಲಿನ ಚರ್ಚೆಗೂ ಇದಕ್ಕೂ ಒಂದು ಕೊಂಡಿಯಿದೆ. ಜೇಮ್ಸ್ ವೆಬ್ ದೂರದರ್ಶಕ 2024ರಲ್ಲಿ ತೋರಿಸಿದ, ಮಹಾಸ್ಫೋಟವಾದ ಸುಮಾರು 30 ಕೋಟಿ ವರ್ಷಗಳಿಗೇ ಬೆಳಗುತ್ತಿದ್ದ ಒಂದು ಗೆಲಾಕ್ಸಿಯಲ್ಲಿ ಮರುವರ್ಷ ಆಮ್ಲಜನಕ ಪತ್ತೆಯಾಯಿತು. ಅಷ್ಟು ಬೇಗ ಆಮ್ಲಜನಕ ಇರಬೇಕಾದರೆ ಒಂದು ಪೀಳಿಗೆಯ ಭಾರಿ ನಕ್ಷತ್ರಗಳು ಅದಕ್ಕೂ ಮೊದಲೇ ಹುಟ್ಟಿ ಸತ್ತಿರಬೇಕು. ಇರುಳುಬಾನು ಅವರು ವಿವರಿಸಿದ ಧಾತುಗಳ ಖಾತೆಯನ್ನು ಆ ಗೆಲಾಕ್ಸಿಗೂ ಬರೆಯಬಹುದು.

ಪ್ರತಿಕ್ರಿಯೆ: ಸಾಗರಸೀಮೆ

ಎಲ್ಲರಿಗೂ ನಮಸ್ಕಾರಗಳು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ಅದೆಷ್ಟು ಸಲ ಆ ಹಿನ್ನೀರು ದಾಟಿದ್ದೇನೋ ಲೆಕ್ಕವಿಲ್ಲ. ಅದೇ ನೀರಿನ ಮೇಲೆ ಮೊದಲ ಗೆಲಾಕ್ಸಿಗಳ ಸದ್ದಿಗೆ ಕಿವಿಗೊಟ್ಟು ತೆಪ್ಪವೊಂದು ತೇಲುತ್ತಿತ್ತೆಂದು ಈಗಷ್ಟೇ ತಿಳಿಯಿತು. ಲೆಕ್ಕಿಗ ಅವರ ಎಚ್ಚರಿಕೆಯ ಮಾತುಗಳನ್ನು ಬರೆದಿಟ್ಟುಕೊಂಡಿದ್ದೇನೆ.

ಎರಡು ಬಾಳೆ ಸೇರಿ ಒಂದು ಅಡಿಕೆ ಎಂಬುದನ್ನು ಮನೆಯಲ್ಲಿ ಹೇಳಿದಾಗ ಅಪ್ಪಯ್ಯ, ಹಾಗಾದರೆ ಈ ವರ್ಷ ಬಾಳೆಯನ್ನೇ ಹೆಚ್ಚು ಹಾಕು ಎಂದರು. ಮಗಳು ಮಾತ್ರ ಕೊಟ್ಟಿಗೆಯ ಹಿಂದಿನ ಮರದ ಉಂಗುರಗಳನ್ನು ಸ್ಕೇಲು ಹಿಡಿದು ಅಳೆಯುತ್ತಿದ್ದಾಳೆ. ಬುಡದಿಂದ ಅವಳ ಕೈಗೆಟಕುವವರೆಗೆ 31 ಆಗಿವೆ, ಮೇಲಿನವಕ್ಕೆ ಏಣಿ ಬೇಕಂತೆ.